ಮಾತು ಮೀರದ ಕಾಲು

ಕಾಲಿನೊಳಗೆ ನರ, ಸ್ನಾಯು ಎಂಬವು ಇವೆಯೆಂದು ಬ್ಯಾಡಗಿಯ ಸುಶೀಲವ್ವನಿಗೆ ಮೊದಲು ತಿಳಿದದ್ದು ಎಪ್ಪತ್ತೊಂದನೇ ವಯಸ್ಸಿನಲ್ಲಿ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದ ಒಂದು ಮಧ್ಯಾಹ್ನ. ಅಲ್ಲಿಯವರೆಗೆ ಕಾಲೆಂದರೆ ಎಲುಬು, ತೊಗಲು ಮತ್ತು ವಿಧೇಯತೆ ಎಂದೇ ಅವಳ ತಿಳಿವಳಿಕೆ! ಫಿಜಿಯೋಥೆರಪಿ ಓದುವ ಮೊಮ್ಮಗಳು ಸ್ನೇಹಾ ಅಜ್ಜಿಯ ಕಾಲನ್ನೇ ಪಾಟಿ ಮಾಡಿಕೊಂಡು ನೀಲಿ ಪೆನ್ನಿನಿಂದ ಗೆರೆ ಎಳೆದಳು.

“ಆಯಿ, ಈ ದೊಡ್ಡ ನರ ಸೊಂಟದಿಂದ ಇಳದು ಮೊಣಕಾಲ ಹಿಂದ ಎರಡಾಗತೈತಿ ನೋಡು.”

“ಗಳಗನಾಥದಾಗ ಎರಡು ಹೊಳಿ ಕೂಡಿ ಒಂದಾಗತಾವ. ಇದು ಉಲ್ಟಾ ಐತಲ್ಲ!” ಅಂದಳು ಸುಶೀಲವ್ವ. ಪೆನ್ನಿನ ಕಚಗುಳಿಗೆ ಕಣ್ಣಿಗೆ ಜೊಂಪು ಹತ್ತಿ, ತೀರಿಹೋದ ಗಂಡ ನಿಜಲಿಂಗಪ್ಪನ ಜೊತೆ ಆ ಸಂಗಮದಲ್ಲಿ ನಿಂತಂತಾಯಿತು.

“ಪರೀಕ್ಷೆಗೆ ಒಂದು ಕಾಲು ಬೇಕಾಗೇತಿ ಆಯಿ. ಈ ಸಲ ಫೇಲಾದ್ರ ನನ್ನ ವರ್ಷ ಹೋತು.”

“ನನ್ನ ಕಾಲು ಕರಕೊಂಡು ನಡಿ! ನನ್ನ ಮಾತು ಮೀರಿ ಒಂದು ಬೆರಳೂ ಅಲ್ಲಾಡೂದಿಲ್ಲ!”

ಹಾವೇರಿಯ ಪರೀಕ್ಷಾ ಕೋಣೆಯಲ್ಲಿ ಅವಳು ಎತ್ತರದ ಮೇಜಿನ ಮೇಲೆ, ಸಿಂಹಾಸನವೇರಿದಂತೆ, ಕಾಲು ಇಳಿಬಿಟ್ಟು ಕೂತಳು. ಸ್ನೇಹಾ ಮೊಣಕಾಲ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಳು. ಕಾಲು ತಾನಾಗಿ ಜಿಗಿಯಬೇಕು. ಜಿಗಿಯಲಿಲ್ಲ! ಇನ್ನೊಮ್ಮೆ ತಟ್ಟಿದಳು. ಊಹೂಂ!

ಎದುರಿಗಿದ್ದ ಪರೀಕ್ಷಕರು ಬಗ್ಗಿ ನೋಡಿದರು. “ನರ ಕೆಟ್ಟಿರಬೇಕು. ಇಲ್ಲಾ ನಿನಗ ತಟ್ಟಾಕ ಬರೂದಿಲ್ಲ.” ಅಂಕದ ಹಾಳೆಯತ್ತ ಅವರ ಪೆನ್ನು ಸರಿಯಿತು.

ಸ್ನೇಹಾಳ ಕಣ್ಣು ತುಂಬಿತು. “ಆಯಿ, ಕಾಲು ಬಿಗಿ ಹಿಡದೀ ಏನ?”

“ಮತ್ತ? ಕಲಿತವರು ಎದುರಿಗೆ ನಿಂತಾರ. ಒದ್ದರ ಪಾಪ ಹತ್ತೂದಿಲ್ಲೇನ? ನಿನ್ನ ಸುತ್ತಿಗಿ ಎಷ್ಟರೆ ಬಡೀಲಿ, ನಾ ಬಿಡಾಕಿ ಅಲ್ಲ!”

“ಕಣ್ಣು ಮುಚ್ಚು ನನ್ನವ್ವ. ಎರಡೂ ಕೈಬೆರಳು ಕೊಂಡಿ ಹಾಕಿ ಜಗ್ಗು. ಗಳಗನಾಥದ ಹೊಳಿ ನೆನಸು.”

ಸುಶೀಲವ್ವ ಕಣ್ಣು ಮುಚ್ಚಿದಳು. ಮೀನಖಂಡದವರೆಗೆ ತಣ್ಣನೆಯ ನೀರು. ಬೆರಳುಗಳ ಸುತ್ತ ಪುಟ್ಟ ಮೀನು. ನಾಲ್ಕು ಹೆಜ್ಜೆ ಆಚೆ, ಧೋತರ ಎತ್ತಿ ಹಿಡಿದ ನಿಜಲಿಂಗಪ್ಪ. “ಅಲ್ಲೇ ಯಾಕ ನಿಂತೀ? ಬಾ ಮುಂದ...” ಕಾಲು ಹೂವಿನಂತೆ ಸಡಿಲವಾಯಿತು.

ಟಪ್!

ಕಾಲು ಹಾರಿತು! ಮತ್ತೆ ಬಗ್ಗಿ ನೋಡುತ್ತಿದ್ದ ಪರೀಕ್ಷಕರ ಗದ್ದಕ್ಕೆ ಬಡಿದು, ಅವರ ಚಷ್ಮಾ ಜಿಗಿದು ನೆಲಕ್ಕೆ ಬಿತ್ತು.

“ನರ... ಭಾಳ ಛಲೋ ಐತಿ! ಪಾಸ್!” ಅಂದರು ಅವರು, ಗದ್ದ ಹಿಡಿದುಕೊಂಡು.

ಎಪ್ಪತ್ತೊಂದು ವರ್ಷ ಮಾತು ಕೇಳಿದ ಕಾಲು ಎಲ್ಲರೆದುರು ಮಾನ ಕಳೆದಿತ್ತು! “ತಪ್ಪಾತ್ರೀ ಸಾಹೇಬ್ರ!” ಎನ್ನುತ್ತ ಸುಶೀಲವ್ವ ಪಾದ ಮುಟ್ಟಲು ಮೇಜಿನಿಂದ ದಡಕ್ಕನೆ ಜಾರಿದಳು.

ಸ್ನೇಹಾ ಚೀರಿದಳು: “ಆಯಿ! ಕೆಳಗ ಚಷ್ಮಾ ಐತಿ! ಈಗರೆ ಆ ಕಾಲು ಬಿಗಿ ಹಿಡಿ ನಮ್ಮವ್ವಾ!”