ಬಯೋಡೇಟಾದಲ್ಲಿ ನನ್ನ ಜಾಗ

ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ಒಂದೊಂದನ್ನೇ ಹಿಡಿದು ಕೂಡಿಸುವ ಹೊತ್ತಿಗೆ ಸಾಲಿನ ಮೊದಲಿಗೆ ಏನಿತ್ತೆಂಬುದು ಮರೆತಿರುತ್ತದೆ. ಆದರೂ ಬಯೋಡೇಟಾ ವಿಷಯದಲ್ಲಿ ನಮ್ಮ ಓಣಿಗೆ ನನ್ನ ಮಾತೇ ಕಡೆಯದು. ರಾಯಬಾಗ ಕಡೆಯ ನಮ್ಮ ಜೈನರ ಮನೆಗಳಲ್ಲಿ ಬಯೋಡೇಟಾ ಎಂದರೆ ಲಗ್ನದ್ದು, ಬೇರೆ ಯಾವುದಿರುತ್ತದೆ? ಮೇಲೆ ದೇವರ ಹೆಸರು, ಆಮೇಲೆ ತಂದೆ, ಸೋದರಮಾವಂದಿರು, ಹೊಲ, ಹುಡುಗಿಯ ಎತ್ತರ, ಬಣ್ಣ. ಕಾಗದದಲ್ಲಿ ಜಾಗ ಉಳಿದರೆ ಓದು. ಹೀಗೆ ನಾನು ಹೇಳಿ ಬರೆಸಿದ ಹುಡುಗಿಯರು ನಿಪ್ಪಾಣಿಯಿಂದ ಕಾಗವಾಡದವರೆಗೆ ಸಂಸಾರ ಮಾಡುತ್ತಿದ್ದಾರೆ. ಒಬ್ಬಳೂ ತಿರುಗಿ ಬಂದಿಲ್ಲ. ನನ್ನನ್ನು ನೋಡಲಿಕ್ಕೂ ಬಂದಿಲ್ಲ.

ಹಾಗಾಗಿ ಮೊಮ್ಮಗಳು ಸುನಂದಾ, ಬೆಳಗಾವಿಯ ಲಾ ಕಾಲೇಜಿಗೆ ಅರ್ಜಿಯ ಜೊತೆ ಬಯೋಡೇಟಾ ಕೇಳಿದ್ದಾರೆ ಎಂದಾಗ ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ತಂದೆತಾಯಿ ಇಲ್ಲದ ಹುಡುಗಿ, ಮನೆಯಲ್ಲಿದ್ದವರು ನಾವಿಬ್ಬರೇ. ಅವಳು ಓದು, ಭಾಷಣದ ಬಹುಮಾನ, ಅನುಭವ, ಮನೆತನ ಎಂದು ಒಂದೊಂದನ್ನು ಒಂದೊಂದು ಚೀಟಿಯಲ್ಲಿ ಬರೆದು, ಹಪ್ಪಳ ಹರವಿದಂತೆ ನೆಲದ ಮೇಲೆ ಹರವಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಯೋಚಿಸುತ್ತಿದ್ದಳು. ಚಹಾ ಕುದಿಸಲು ಎದ್ದಳೋ ಇಲ್ಲವೋ, ನಾನು ಮನೆತನವನ್ನು ಮೇಲಕ್ಕೆಳೆದೆ. ಉಗಾರದ ಸೋದರಮಾವನನ್ನು ತಳದಲ್ಲಿ ಕೂರಿಸುವುದೇ?

“ಆಯಿ, ಇದೇನ್ ಬೇ? ಕಾಲೇಜಿನವರು ನನ್ನ ಸೊಸಿ ಮಾಡ್ಕೊಳ್ಳಾಕ ಕೇಳ್ಯಾರೇನ?”

“ಯಾರ ಮನಿ ಹುಡಿಗಿ ಅಂತ ಗೊತ್ತಾಗಲಾರದ ಯಾರ ಒಳಗ ಕರೀತಾರ?”

“ಮೊದಲ ಓದು, ಆಮ್ಯಾಲ ಅನುಭವ. ಮನಿತನ ತಳಕ್ಕ.”

“ಹಂಗಾದ್ರ ನಾ ತಳದಾಗ ಅದೀನಿ ಅನ್ನು.”

“ಇಲ್ಲ, ನೀ ಅನುಭವದಾಗ ಅದಿ.”

ಅನುಭವದ ಚೀಟಿ ಓದಿ ತೋರಿಸಿದಳು. ಹೊಲದ ಬದುವಿಗಾಗಿ ಮೈದುನ ನನ್ನ ಮೇಲೆ ಹೂಡಿದ ದಾವೆಗೆ ನಾಲ್ಕು ವರ್ಷ ನನ್ನ ಜೊತೆ ರಾಯಬಾಗದ ಕೋರ್ಟಿಗೆ ಬಂದದ್ದು, ಕಾಗದ ಓದಿ ಹೇಳಿದ್ದು, ಮುಂದಿನ ತಾರೀಖು ಬರೆದಿಟ್ಟದ್ದು. ಸಾಕಿದವಳು ನಾನು, ಅವಳ ಕಾಗದದಲ್ಲಿ ನಾನೊಂದು ಕೇಸು. ಸಿಟ್ಟು ಬಂತು. ಆದರೆ ಆ ಚೀಟಿ ಓದಿನ ಕೆಳಗೇ ಇತ್ತು, ಸೋದರಮಾವನಿಗಿಂತ ಎಷ್ಟೋ ಮೇಲೆ. ಮನೆತನದ ಚೀಟಿಯನ್ನು ನಾನೇ ತಳಕ್ಕೆ ಸರಿಸಿದೆ.

ಸೀಟು ಸಿಕ್ಕಿತು. ಸಂದರ್ಶನದಲ್ಲಿ ಉಳಿದದ್ದೆಲ್ಲ ಬಿಟ್ಟು ನನ್ನ ಕೇಸನ್ನೇ ಕೇಳಿದರಂತೆ. ಟ್ರಂಕು ಎತ್ತಿಕೊಂಡು ಹೋದಳು. ಈಗ ಕೋರ್ಟಿನ ಬೆಂಚಿನ ಮೇಲೆ ಅವಳ ಜಾಗದಲ್ಲಿ ನನ್ನ ಚೀಲ ಕೂರುತ್ತದೆ. ಅದಕ್ಕೆ ಓದಲು ಬರುವುದಿಲ್ಲ. ಚುರಮುರಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ತಾರೀಖಿನ ಮೇಲೆ ತಾರೀಖು ಹಾಕುತ್ತಾರೆಂದು ಮೊದಲು ಇಬ್ಬರೂ ಕೂಡಿ ಬೈಯುತ್ತಿದ್ದೆವು. ಒಬ್ಬಳೇ ಬೈದರೆ ಜನ ತಿರುಗಿ ನೋಡುತ್ತಾರೆ.

ಹೋದ ಸಲ ಕೋರ್ಟಿನಲ್ಲಿ ಮೈದುನ ಮೆತ್ತಗಾಗಿ ಬಂದ. “ವೈನಿ, ಬದು ನಿಮ್ದ ಅಂತ ಬರಕೊಟ್ಟೀನಿ. ಸಹಿ ಮಾಡ್ರಿ, ಮುಗದ ಹೋಗ್ಲಿ.”

ಕಾಗದ ಹಿಡಿದು ನೋಡಿದೆ. ಮೂರೇ ಸಾಲು. ತಿಣುಕಿದ್ದರೆ ನಾನೇ ಓದಬಹುದಿತ್ತು.

“ಓದಾಕಿ ಊರಾಗಿಲ್ರಿ,” ಎಂದೆ ಪಕ್ಕದಲ್ಲಿದ್ದ ನಮ್ಮ ವಕೀಲರಿಗೆ. “ದೀಪಾವಳಿ ಸೂಟಿಗೆ ಬರ್ತಾಳ. ಅದರ ಹಿಂದಮುಂದ ಒಂದ ತಾರೀಖ ಕೇಳ್ರಿ.”

“ಆಯಿ, ನೀವ ಗೆದ್ದಂಗ ಆತಲ್ರಿ! ಇನ್ನ್ಯಾಕ ತಾರೀಖ?”

ಗೆದ್ದದ್ದು ನನಗೂ ಗೊತ್ತಿತ್ತು. ಚೀಲ ಎತ್ತಿಕೊಂಡು ಎದ್ದೆ. ಇಷ್ಟು ವರ್ಷಗಳಲ್ಲಿ ಆ ಕೇಸನ್ನು ನಾನಾಗಿ ಮುಂದೆ ಹಾಕಿಸಿದ್ದು ಅದೇ ಮೊದಲು.