ನೆವಿಲ್ಲನ ಅಕ್ಷರಾಭ್ಯಾಸ

ಇನ್ನು ಮುಂದೆ ಈ ಮನೆಯ ಕಂಪ್ಯೂಟರಿನ ಮೇಲೆ ಹೊರಗಿನವರ ಕೈ ಬೀಳಗೊಡುವುದಿಲ್ಲ ಎಂದು ನೆವಿಲ್ ಟ್ರೆಗೆನ್ಜಾ ಬೆಳಗಿನ ಟೋಸ್ಟಿನ ಮುಂದೆ ಕೂತು ಭೀಷ್ಮಪ್ರತಿಜ್ಞೆ ಮಾಡಿದ. ಮೂವತ್ತೊಂದು ವರ್ಷ ಬಂದರಿನ ಗೋಧಿ ಕಣಜದಲ್ಲಿ ಲಾರಿ ತೂಗಿ ನಿವೃತ್ತನಾದವನು. ಅಷ್ಟೆತ್ತರದ ಲಾರಿಗಳನ್ನೇ ಸಾಲಾಗಿ ನಿಲ್ಲಿಸಿದವನಿಗೆ ಎಳ್ಳುಕಾಳಿನಷ್ಟು ಅಕ್ಷರಗಳನ್ನು ನಿಲ್ಲಿಸುವುದು ಯಾವ ಮಹಾ ಕೆಲಸ!

ಮುದಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವನೂ ಅವನೇ. ಅದು ಬಿಟ್ಟಿ ಸಿಗುತ್ತದೆ; ಕೆಟ್ಟರೆ ಬೈಯಲು ಮಾತ್ರ ಯಾರೂ ಸಿಗುವುದಿಲ್ಲ. ಮೊನ್ನೆಯಿಂದ ಅದರ ಬ್ರೌಸರಿಗೆ ವಿಚಿತ್ರ ಕಾಯಿಲೆ. ಒಳಗಿನ ಪುಟದ ಅಕ್ಷರಗಳೇನೋ ಕವಾಯತಿನ ಸಿಪಾಯಿಗಳಂತೆ ನೆಟ್ಟಗಿದ್ದವು. ಮೇಲಿನ ಮೆನು, ಟ್ಯಾಬು, ಗುಂಡಿಗಳ ಅಕ್ಷರಗಳು ಮಾತ್ರ ಶನಿವಾರ ಪಬ್ಬಿನಿಂದ ಮನೆಗೆ ಹೊರಟ ಗುಂಪಿನಂತೆ, ಒಂದು ಬಲಕ್ಕೆ ವಾಲಿ, ಒಂದು ಮುಗ್ಗರಿಸಿ, ಇನ್ನೊಂದು ಪಕ್ಕದವನ ಹೆಗಲಿಗೆ ಜೋತುಬಿದ್ದು ನಿಂತಿದ್ದವು.

ಹೆಂಡತಿ ಸ್ಯಾಂಡ್ರಾಗೆ ಮೆನುವಿನ ಗೊಡವೆಯೇ ಇರಲಿಲ್ಲ. ಅವಳಿಗೆ ಬೇಕಾದದ್ದು ಊರಿನ ಕೃಷಿ ಮೇಳದ ಜಾಮ್ ಸ್ಪರ್ಧೆಯ ಅರ್ಜಿ. ಹೋದ ವರ್ಷ ಅವಳ ಏಪ್ರಿಕಾಟ್ ಜಾಮು ಗ್ಲೆನಿಸ್ ಪೆಂಗೆಲಿಯ ಜಾಮಿನೆದುರು ಅರ್ಧ ಅಂಕದಿಂದ ಸೋತಿತ್ತು. ಎರಡನೆಯ ಬಹುಮಾನದ ಕೆಂಪು ರಿಬ್ಬನ್ನು ಫ್ರಿಜ್ಜಿನ ಬಾಗಿಲಲ್ಲಿ ನೇತಾಡಿಕೊಂಡು ವರ್ಷವಿಡೀ ಅವಳನ್ನು ಅಣಕಿಸುತ್ತಿತ್ತು. ಈ ಸಲ ಅರ್ಜಿಯೇನಿದ್ದರೂ ವೆಬ್‌ಸೈಟಿನಲ್ಲಿ, ಅದೂ ಇವತ್ತು ಸಂಜೆ ಐದರೊಳಗೆ.

"ಮೊದಲು ನಾನು ಅರ್ಜಿ ತುಂಬಿಬಿಡ್ತೀನಿ ನೆವ್. ಆಮೇಲೆ ನಿನ್ನ ಅಕ್ಷರ ಎಷ್ಟು ಬೇಕಾದರೂ ತಿದ್ದಿಕೋ."

"ಹತ್ತು ನಿಮಿಷದ ಕೆಲಸ ಸ್ಯಾನ್ಸ್."

ಆ ಊರಿನಲ್ಲಿ ಯಾರ ಹೆಸರೂ ಪೂರ್ತಿ ಆಯುಸ್ಸು ಬಾಳುವುದಿಲ್ಲ. ಬ್ಯಾರಿ ಬ್ಯಾಝ್ ಆಗುತ್ತಾನೆ, ಕೆಲ್ವಿನ್ ಕೆಲ್ವ್ ಆಗುತ್ತಾನೆ. ಸ್ಯಾಂಡ್ರಾ ಮದುವೆಯ ಮಾರನೆಯ ದಿನವೇ ಸ್ಯಾನ್ಸ್ ಆಗಿದ್ದಳು. ತನಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಎಂದು ಆಗಾಗ ಅವಳು ಜ್ಞಾಪಿಸುವುದೂ ಇತ್ತು. ನೆವಿಲ್ ಅದನ್ನು ಹವಾಮಾನ ವರದಿಯಂತೆ ಕೇಳಿ ಬಿಡುತ್ತಿದ್ದ.

ಹತ್ತು ನಿಮಿಷವೆಂದರೆ ಯಾವ ಗಡಿಯಾರದ್ದು ಎಂದು ಅವಳು ಕೇಳಿದಳು. ಹಾಗೆಯೇ, ತಾನು ಫ್ರಿಜ್ಜಿಗೆ ಅಂಟಿಸಿದ ಸಾಮಾನಿನ ಚೀಟಿಗಳೆಲ್ಲ ಮೂರು ವಾರದಿಂದ ಎಲ್ಲಿ ಮಾಯವಾಗುತ್ತಿವೆ ಎಂದೂ ಕೇಳಿದಳು. ನೆವಿಲ್ಲನಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಕೇಳಿಸಬಾರದ ಪ್ರಶ್ನೆಗಳು ಅವನಿಗೆ ಎಂದೂ ಕೇಳಿಸಿದ್ದಿಲ್ಲ.

ಮೊದಲು ಬ್ರೌಸರಿನ ನಾಡಿ ಹಿಡಿದು ನೋಡಿದ. ಮೆನುವಿಗೆ ಯಾವ ಫಾಂಟು ಎಂಬಲ್ಲಿ 'ಸ್ಯಾನ್ಸ್' ಎಂದಿತ್ತು. ಲಿನಕ್ಸ್ ಲೋಕದಲ್ಲಿ ಸ್ಯಾನ್ಸ್ ಎಂದರೆ ಕೊಂಬು ಬಾಲಗಳಿಲ್ಲದ ಸಾದಾ ಅಕ್ಷರ. ಬ್ರೌಸರು 'ಸ್ಯಾನ್ಸ್ ಕೊಡು' ಎನ್ನುತ್ತದೆ, ಯಂತ್ರ ತೆಗೆದು ಕೊಡುತ್ತದೆ. ಅಲ್ಲಿ ಏನೂ ಊನವಿಲ್ಲವೆಂದು ನೆವಿಲ್ ತೀರ್ಪು ಕೊಟ್ಟ. ಬ್ರೌಸರನ್ನು ಹನ್ನೊಂದು ಸಲ ಮುಚ್ಚಿ ತೆರೆದ. ಹನ್ನೆರಡನೆಯ ಸಲಕ್ಕೆ ಪಕ್ಕದ ಮನೆಯ ಕೆಲ್ವ್‌ಗೆ ಫೋನು ಮಾಡಿದ. ಊರಿನ ಬೌಲ್ಸ್ ಆಟದ ಕ್ಲಬ್ಬಿನ ಕಂಪ್ಯೂಟರನ್ನು ಒಮ್ಮೆ ಒದ್ದು ಸರಿಮಾಡಿದ ಖ್ಯಾತಿ ಅವನದು. ಯಂತ್ರದಲ್ಲಿ ಫಾಂಟುಗಳು ಅತಿಯಾಗಿ ಒಂದನ್ನೊಂದು ತುಳಿಯುತ್ತಿರಬೇಕು, ಬೇಡದ್ದನ್ನು ಕಿತ್ತುಹಾಕು ಎಂದು ಕೆಲ್ವ್ ಅಪ್ಪಣೆ ಕೊಟ್ಟ.

ನೆವಿಲ್ ಕಳೆ ಕೀಳಲು ಇಳಿದ. ಅರಬ್ಬಿ ಹೋಯಿತು, ಥಾಯ್ ಹೋಯಿತು, ಟಿಬೆಟ್ಟಿನ ಲಿಪಿಯೂ ಹೋಯಿತು. ಊಟದ ಹೊತ್ತಿಗೆ ಅರ್ಧ ಭೂಮಂಡಲವನ್ನು ನಿರಕ್ಷರಕುಕ್ಷಿ ಮಾಡಿಟ್ಟಿದ್ದ. ಮೆನು ಇನ್ನೂ ತೂರಾಡುತ್ತಲೇ ಇತ್ತು. ಸ್ಯಾಂಡ್ರಾ ತಂದಿಟ್ಟ ಮಾಂಸ ತುಂಬಿದ ಪೇಸ್ಟಿ ಮೇಜಿನ ಮೇಲೆ ಆರಿ ಇಟ್ಟಿಗೆಯಾಯಿತು. ರೋಷ ಬಂದು ಇಂಗ್ಲಿಷಿನ ಸಾದಾ ಫಾಂಟುಗಳನ್ನೂ ಒಂದೊಂದಾಗಿ ಕಿತ್ತ. ತಾನು ಕೈಯಾರೆ ಹಾಕಿದ್ದ ಫಾಂಟೊಂದು ಮಾತ್ರ ಯಂತ್ರದ ಇನ್ನೊಂದು ಮೂಲೆಯಲ್ಲಿದ್ದದ್ದರಿಂದ ಉಳಿದುಕೊಂಡಿತು. ನಾಲ್ಕೂಕಾಲಿಗೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ.

"ಸರಿಹೋಯ್ತು ಸ್ಯಾನ್ಸ್. ಈಗ ಮೇಲೆ ಕೆಳಗೆ ಎಲ್ಲಾ ಒಂದೇ ಥರ."

ಮಾತು ನಿಜ. ಮೆನು, ಪುಟ, ಮೇಳದ ಅರ್ಜಿ, ಎಲ್ಲವೂ ಈಗ ಒಂದೇ ಥರ ತೂರಾಡುತ್ತಿದ್ದವು. ಇರುವೆಯ ದಂಡೊಂದು ಶಾಯಿ ಕುಡಿದು ಪರದೆಯ ಮೇಲೆ ಮೆರವಣಿಗೆ ಹೊರಟಂತಿತ್ತು. ಮೂಗನ್ನು ಗಾಜಿಗೆ ಒತ್ತಿದರೂ ಅವನಿಗೆ ಒಂದು ಪದ ದಕ್ಕಲಿಲ್ಲ. ಕೆಲ್ವ್ ಫೋನು ಎತ್ತಲಿಲ್ಲ. ನಾಲ್ಕೂ ನಲವತ್ತಕ್ಕೆ ನೆವಿಲ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ಗ್ಲೆನಿಸ್ ಈ ಸಲ ಎದುರಾಳಿಯೇ ಇಲ್ಲದೆ ಗೆಲ್ಲುತ್ತಾಳೆ ಎಂಬುದು ಅವನ ಮುಖದಲ್ಲೇ ಬರೆದಿತ್ತು, ಅದೂ ಓದಲು ಬರುವ ಅಕ್ಷರದಲ್ಲಿ.

ಸ್ಯಾಂಡ್ರಾ ಕನ್ನಡಕ ಏರಿಸಿ ಕೂತಳು. ಎಲ್ಲೂ ತಡವರಿಸದೆ ಓದತೊಡಗಿದಳು: ಸ್ಪರ್ಧಿಯ ಪೂರ್ತಿ ಹೆಸರು, ವಿಳಾಸ, ಜಾಮಿನ ಬಗೆ, ಬಾಟಲಿಯ ಗಾತ್ರ. ಸರಸರನೆ ತುಂಬಿದಳು. ಐದಕ್ಕೆ ನಾಲ್ಕು ನಿಮಿಷ ಇದ್ದಾಗ ಅರ್ಜಿ ಹೋಯಿತು.

ನೆವಿಲ್ ಮತ್ತೆ ಪರದೆಯ ಹತ್ತಿರ ಬಗ್ಗಿ ನೋಡಿದ. ಇದನ್ನು ಹೇಗೆ ಓದಿದೆ ಎಂದು ಕೇಳಿದ.

"ಇದು ನನ್ನ ಕೈಬರಹ ಕಣೋ."

ಆಗ ಎಲ್ಲ ಹೊರಬಿತ್ತು. ಮುಂದಿನ ತಿಂಗಳು ಮದುವೆಗೆ ನಲವತ್ತು ವರ್ಷ. ಅವಳ ಜಾಮಿನ ಬಾಟಲಿಗಳಿಗೆ ಅವಳದೇ ಅಕ್ಷರದ ಚೀಟಿ ಅಂಟಿಸಿ ಬೆರಗಾಗಿಸಬೇಕೆಂದು ನೆವಿಲ್ ಸಾಮಾನಿನ ಚೀಟಿಗಳನ್ನು ಕದ್ದು, ಅಕ್ಷರ ಅಕ್ಷರ ಕತ್ತರಿಸಿ, ಒಂದು ಫಾಂಟು ಮಾಡಿ ಮೊನ್ನೆ ತಾನೇ ಯಂತ್ರಕ್ಕೆ ಹಾಕಿದ್ದ. ಬಿಡಿಬಿಡಿಯಾಗಿ ಕತ್ತರಿಸಿದ್ದನೇ ಹೊರತು ಸಾಲಾಗಿ ಓದಿರಲಿಲ್ಲ.

"ಗೊತ್ತು ಬಿಡು," ಎಂದಳು ಸ್ಯಾಂಡ್ರಾ. "ಓದಿದ್ದರೆ ನಾನು ಬೆಣ್ಣೆ ಅಂತ ಬರೆದಾಗಲೆಲ್ಲ ನೀನು ಯಾಕೆ ಬೀಟ್‌ರೂಟ್ ತರ್ತಿದ್ದೆ?" ಆದರೂ ಅವಳ ದನಿ ಮೆತ್ತಗಾಗಿತ್ತು. "ಅದಿರಲಿ, ನನ್ನ ಅಕ್ಷರಕ್ಕೆ ಏನು ಹೆಸರಿಟ್ಟೆ?"

"ಇನ್ನೇನು, ಸ್ಯಾನ್ಸ್ ಅಂತ..."

ಬಾಯಿಂದ ಬಿದ್ದ ಮಾತು ನೆಲ ಮುಟ್ಟುವ ಮೊದಲೇ ನೆವಿಲ್ಲನಿಗೆ ಅರ್ಥವಾಯಿತು. ಪಾಪದ ಬ್ರೌಸರು ಮೂರು ದಿನದಿಂದ ಸ್ಯಾನ್ಸ್ ಕೇಳುತ್ತಿತ್ತು. ಪಾಪದ ಯಂತ್ರ ಮೂರು ದಿನದಿಂದ ಅವನ ಸ್ಯಾನ್ಸನ್ನೇ ತಂದು ಕೊಡುತ್ತಿತ್ತು.

ಸ್ಯಾಂಡ್ರಾ ಕನ್ನಡಕ ತೆಗೆದು ಸೆರಗಂಚಿನಂತೆ ಜೋತ ಏಪ್ರನ್ನಿನ ತುದಿಯಲ್ಲಿ ನಿಧಾನವಾಗಿ ಒರೆಸಿದಳು.

"ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ ನೆವಿಲ್, ನನ್ನ ಹೆಸರು ಸ್ಯಾಂಡ್ರಾ ಅಂತ."