ಅಟ್ಟವೇರಿದ ರೇಷ್ಮೆಗೂಡು

ಪಾಠ ಮಕ್ಕಳಿಗೆ ಅರ್ಥವಾಗದಿದ್ದರೆ ಏನು ಮಾಡಬೇಕೆಂದು ತರಬೇತಿಗಳಲ್ಲಿ ಬೇಕಾದಷ್ಟು ಹೇಳಿಕೊಡುತ್ತಾರೆ. ತೀರಾ ಚೆನ್ನಾಗಿ ಅರ್ಥವಾಗಿಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಗುಂಡ್ಲುಪೇಟೆಯ ತರಬೇತಿಯಲ್ಲಿ ಕಾರ್ಟೂನ್ ವಿಡಿಯೊಗಳಿದ್ದ ಪೆನ್‌ಡ್ರೈವ್ ಕೈಗಿಟ್ಟು, "ಇನ್ನು ನೀವು ಬೋರ್ಡಿನ ಮೇಲೆ ಚಿತ್ರ ಬರೆದು ಒದ್ದಾಡಬೇಕಿಲ್ಲ ಮೇಡಂ" ಎಂದರು. ನಾನು ಬರೆದ ಆನೆಯನ್ನು ಮಕ್ಕಳು ಎಮ್ಮೆ ಎಂದದ್ದು ಅವರಿಗೆ ಹೇಗೆ ತಿಳಿಯಿತೋ ಕಾಣೆ. ಚಾಮರಾಜನಗರಕ್ಕೆ ಬರುವ ಬಸ್ಸಿನಲ್ಲಿ ಪೆನ್‌ಡ್ರೈವ್ ಇಟ್ಟ ಪರ್ಸನ್ನು ಮೂರು ಸಲ ಮುಟ್ಟಿ ನೋಡಿಕೊಂಡೆ.

ಸಂತೆಮರಹಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಚಿಟ್ಟೆಯ ವಿಡಿಯೊ ಹಾಕಿದೆ. ದಪ್ಪ ಕಣ್ಣಿನ ಹುಳುವೊಂದು ಗೂಡಿನೊಳಗಿಂದ, "ಸ್ವಲ್ಪ ಕಾಯಿರಿ, ರೆಕ್ಕೆ ಕಟ್ಟಿಕೊಂಡು ಬರುತ್ತೇನೆ" ಎಂದು ಗೋಗರೆಯಿತು. ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಅದು ಹಾರಿದಾಗ ನನಗೂ ಕಣ್ಣು ತುಂಬಿತು. ವಿಜ್ಞಾನದ ಪಾಠಕ್ಕೆ ಅಳಬಹುದೋ ಬಾರದೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ತರಗತಿಯ ಅರ್ಧದಷ್ಟು ಮನೆಗಳಲ್ಲಿ ರೇಷ್ಮೆಹುಳು ಸಾಕುತ್ತಾರೆ ಎಂಬುದು ಆಗ ತಲೆಗೇ ಹೊಳೆಯಲಿಲ್ಲ.

ಮರುದಿನ ಸೌಮ್ಯ ಶಾಲೆಗೆ ಬರಲಿಲ್ಲ. ಅವಳ ಅಪ್ಪ ಮಾದೇವಪ್ಪ ಬಂದರು.

"ಏನ್ ಪಾಠ ಮಾಡ್ಬುಟ್ರಿ ಮಿಸ್ಸೇ? ಗೂಡೆಲ್ಲ ಅಟ್ಟಕ್ಕೆ ಸಾಗ್ಸಿ, ಏಣಿನೂ ಮ್ಯಾಕ್ಕೆ ಎಳ್ಕಂಡು ಕೂತವ್ಳೆ. ರೆಕ್ಕೆ ಬರಗಂಟ ಕೊಡಕಿಲ್ವಂತೆ. ಚಿಟ್ಟೆ ಕೊರ್ಕಂಡು ಈಚೆಗೆ ಬಂದ್ರೆ ಗೂಡು ತೂತಾಯ್ತದೆ, ನೂಲು ಬರಕಿಲ್ಲ. ಇವತ್ತೇ ಮಾರ್ಕೆಟ್ಟಿಗೆ ಓಗ್ಬೇಕು. ನೀವೇ ಬಂದು ಇಳ್ಸಿ."

ಹೋದೆ. ಅಟ್ಟದ ಅಂಚಿನಲ್ಲಿ ಸೌಮ್ಯಳ ಎರಡು ಜಡೆಗಳು ಮಾತ್ರ ಕಾಣುತ್ತಿದ್ದವು. "ಇಳಿ ಕಣಮ್ಮಿ" ಎಂದೆ.

"ಒಳಗಿರೋವು ಕಾಯ್ತಾ ಅವೆ ಮಿಸ್. ಬಿಸಿನೀರಿಗೆ ಆಕ್ಬುಡ್ತಾರೆ. ಇವಕ್ಕೂ ರೆಕ್ಕೆ ಬತ್ತದೆ ತಾನೇ?"

ಬರುತ್ತದೆ. ಬರುತ್ತದೆ ಎಂದರೆ ಆ ಮನೆಯ ಇಡೀ ಬೆಳೆ ಹಾಳು. ಬರುವುದಿಲ್ಲ ಎಂದರೆ ನಾನು ಓದಿದ್ದು ಹಾಳು. ಮಾದೇವಪ್ಪ ನನ್ನ ಮುಖ ನೋಡುತ್ತಿದ್ದರು, ಹೊರಗೆ ಆಟೋದವನು ಹಾರನ್ ಹೊಡೆಯುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿಬಿಟ್ಟಿತು: "ಅದು ಬರೀ ವಿಡಿಯೊ ಕಣಮ್ಮಿ. ವಿಡಿಯೊದಲ್ಲಿ ಇರೋದೆಲ್ಲ ನಿಜ ಅಲ್ಲ."

ಸೌಮ್ಯ ಅಂಚಿನಿಂದ ತಲೆ ಹೊರಹಾಕಿ ನನ್ನನ್ನು ನೋಡಿದಳು. ಆಮೇಲೆ ಏಣಿ ಇಳಿಸಿದಳು. ಮಾದೇವಪ್ಪ ಕೈಮುಗಿದು, ಹೆಂಡತಿಗೆ ಹೇಳಿ ಕಾಫಿ ಮಾಡಿಸಿದರು. ನಾನು ಅರ್ಧ ಲೋಟ ಬಿಟ್ಟು ಎದ್ದೆ. ನಾನು ಮಾಡಿದ್ದು ಉಪಕಾರವೋ ಮೋಸವೋ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ನನ್ನ ಸ್ಟಾಪನ್ನೇ ದಾಟಿ ಹೋದೆ.

ಮುಂದಿನ ವಾರ ಹಗಲು ರಾತ್ರಿಯ ಪಾಠ. ವಿಡಿಯೊದಲ್ಲಿ ಕೆನ್ನೆ ಉಬ್ಬಿದ ಭೂಮಿ ನಗುನಗುತ್ತಾ ತನ್ನ ಸುತ್ತ ತಾನೇ ತಿರುಗಿತು. "ಗೊತ್ತಾಯಿತಾ?" ಎಂದೆ. ಎಲ್ಲರೂ ಒಟ್ಟಿಗೆ "ಹೂಂ ಮಿಸ್" ಎಂದರು. ಸೌಮ್ಯ ಮಾತ್ರ ಎದ್ದು ನಿಂತಳು.

"ಇದು ನಿಜ್ವಾ ಮಿಸ್? ಇಲ್ಲ, ಯಾರ ಅಪ್ಪನಾದ್ರೂ ಬಂದ್ರೆ ಇದೂ ಸುಳ್ಳಾಯ್ತದಾ?"

ನಾನು ಒಮ್ಮೆ ಬಾಗಿಲ ಕಡೆ ನೋಡಿದೆ. ಯಾರೂ ಬಂದಿರಲಿಲ್ಲ. "ನಿಜ" ಎಂದೆ.